ಲೈನ್ ಕ್ಲಿಯರ್

ಹನ್ನೊಂದೂ ಹತ್ತಕ್ಕೆ ಲೈನ್ ಕ್ಲಿಯರ್ ಸಿಕ್ಕಿತು.
ಇಪ್ಪತ್ತು ನಿಮಿಷ, ಅಂದರು ಸಬ್‌ಸ್ಟೇಷನ್ನಿಂದ ಶಾಕಿರಾ ಮೇಡಂ,
ಒಂದು ನಿಮಿಷ ಹೆಚ್ಚಾದರೂ
ಬರುವ ಫೋನೆಲ್ಲ ನೀವೇ ಎತ್ತಬೇಕು, ಕೆಂಪರಾಜು.

ಹಾಸನ, ಸಾಲಗಾಮೆ ರಸ್ತೆಯ ಒಂದು ತಿರುವು.
ಹಿಟ್ಟಿನ ಗಿರಣಿ ನಿಂತಿತು. ಜೆರಾಕ್ಸ್ ಅಂಗಡಿಯವ
ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತ,
ಸೂರ್ಯನನ್ನೂ ನಾನೇ ಆರಿಸಿಬಿಡುತ್ತೇನೇನೋ ಎಂಬಂತೆ.
ಏಣಿ ಹಿಡಿದ ಧರಣೇಶ ಹೊಸಬ,
ಕಂಬಕ್ಕೆ ಕೈಮುಗಿದು ಕೆಲಸ ಶುರು ಮಾಡುವವನು.

ಮೇಲೆ, ಅಡ್ಡಪಟ್ಟಿಯಲ್ಲಿ, ಪಿಂಗಾಣಿ ಬಟ್ಟಲಿನ ಮಗ್ಗುಲಲ್ಲೇ
ಕಾಗೆಗೂಡು.
ಹುಡುಕಿದೆ: ಹಸಿಯೋ ಒಣಗಿದ್ದೋ ಒಂದು ಪುಳ್ಳೆ?
ಇಲ್ಲ.
ಸೆಂಟ್ರಿಂಗಿನವರ ಬೈಂಡಿಂಗ್ ತಂತಿ, ಕೊಡೆಯ ಪಕ್ಕೆಲುಬು,
ಹ್ಯಾಂಗರಿನ ಕೊಕ್ಕೆ, ಯಾರದೋ ಕನ್ನಡಕದ ಒಂಟಿ ಕಾಲು,
ಮತ್ತೊಂದು, ನೋಡಿದ ಕೂಡಲೇ ಗುರುತು ಸಿಕ್ಕಿತು,
ಯುಗಾದಿಗೆ ಮುಂಚೆ ಇದೇ ಕಂಬದಡಿ
ನಾನೇ ಕತ್ತರಿಸಿ ಎಸೆದ ಅಲ್ಯೂಮಿನಿಯಂ ತುಂಡು,
ನನ್ನ ಕಟಿಂಗ್ ಪ್ಲೇಯರಿನ ಹಲ್ಲಿನ ಗಾಯ ಸಮೇತ.

ಒಳಗೆ ಮಾತ್ರ ಮೆತ್ತಗೆ: ತೆಂಗಿನ ನಾರು, ದಿಂಬಿನ ಹತ್ತಿ,
ಒಂದಿಷ್ಟು ನರೆಗೂದಲು. ನಾಲ್ಕು ಮೊಟ್ಟೆ.
ಒಂದು ಕೊಂಚ ಸಣ್ಣದು, ಬಣ್ಣವೂ ಬೇರೆ.
ಅಡ್ವಾನ್ಸೂ ಕೊಡದೆ ಸೇರಿಕೊಂಡ ಬಾಡಿಗೆಯವರದು.

‘ಕಿತ್ತು ಬಿಸಾಕಣ್ಣೋ,’ ಕೆಳಗಿಂದ ಗಿರಣಿಯವರು,
‘ಮೂರು ದಿನದಿಂದ ಇದರದೇ ಕಾಟ.’
ಕಾಗೆ ಹೆಲ್ಮೆಟ್ಟಿಗೆ ಎರಡು ಸಲ ಕುಕ್ಕಿತು.
ಮೂರನೆಯದು ಕಿವಿಗೆ.

ಹನ್ನೊಂದೂ ಇಪ್ಪತ್ತೆಂಟು.
ಮೇಡಂ, ಇನ್ನೊಂದು ಹತ್ತು ನಿಮಿಷ.
ಏನಾಯ್ತು?
ಗಂಟು ಬಿಗಿಯಾಗಿದೆ, ಅಂದೆ.

ಹೊರಚಾಚಿದ ತಂತಿಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿದೆ.
ಮಗಳಿಗೆ ಜಡೆ ಹೆಣೆದು ಅಭ್ಯಾಸವಿದೆ,
ತಪ್ಪಿಸಿಕೊಳ್ಳುವ ಎಳೆ ಯಾವುದೆಂದು ಬೆರಳಿಗೆ ಗೊತ್ತು.
ಲೈನಿನ ಕಡೆಗೆ ಬಾಗಿದ್ದ ಹ್ಯಾಂಗರಿನ ಕೊಕ್ಕೆ ಮಾತ್ರ ಕತ್ತರಿಸಿದೆ;
ಕೆಳಗೆ ಬಿದ್ದದ್ದನ್ನು ಧರಣೇಶ ಎತ್ತಿ
ಏನೂ ಕೇಳದೆ ಜೇಬಿಗೆ ಹಾಕಿಕೊಂಡ.
ಪೈಪು ಸೀಳಿ ಲೈನಿಗೆ ತೊಡಿಸಿದೆ, ಮೊಳದುದ್ದ.

ಕರೆಂಟು ಬಂತು. ಗಿರಣಿ ಕೆಮ್ಮಿ ಎದ್ದಿತು.
ಹನ್ನೊಂದು ಸಾವಿರ ವೋಲ್ಟಿನ ಪಕ್ಕದಲ್ಲಿ
ಕಾಗೆ ರೆಕ್ಕೆ ಸರಿಮಾಡಿಕೊಂಡು ಕೂತಿತು,
ಹೊಟ್ಟೆಯಡಿ ತನ್ನವು ಮೂರು, ತನ್ನದಲ್ಲದ್ದು ಒಂದು.

ಸಂಜೆ ಆಫೀಸಿನಲ್ಲಿ ರಿಜಿಸ್ಟರು ಬರೆದೆ.
ಅಡಚಣೆಯ ಕಾರಣ: ಮರದ ಕೊಂಬೆ ತಾಗಿ.
ಸಾಹೇಬರು ಓದಿ ಸಹಿ ಹಾಕಿದರು.

ಆ ತಿರುವಿನ ಕೊನೆಯ ಮರ, ನೇರಳೆ,
ರಸ್ತೆ ಅಗಲ ಮಾಡುವಾಗ ಹೋಗಿ ಮೂರು ವರ್ಷ.
ಕಂಬ ನಿಂತಿರುವುದು ಅದರ ಗುಂಡಿಯಲ್ಲೇ.