ದರ ಹೇಳು

ಮೊದಲ ಪಾಠ ನೀರಿಲ್ಲದೆ.
ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದೇವೆ ಮೂವರು:
ಮೆಣಸಿನಕಾಯಿ ತೊಟ್ಟು ಬಿಡಿಸುವ ನಾನು,
ಟೆಂಪೊ ಬಾಷಾನ ಮಗಳು ಶಾಹೀನ,
ಕೋಲ್ಡ್ ಸ್ಟೋರೇಜಿನ ತಿಪ್ಪೇಶಿ.
ಬ್ಯಾಡಗಿಯ ಬ್ಯಾಸಗಿಯಲ್ಲೂ ತನ್ನ ಉಸಿರನ್ನು
ದಿನಾ ಕಣ್ಣಾರೆ ಕಾಣುವವನು ಅವನೊಬ್ಬನೇ.

ಇಮಾಮಸಾಬ ನಮ್ಮ ಹೊಟ್ಟೆಯ ಮೇಲೆ
ಒಂದೊಂದು ಒಣ ಮೆಣಸಿನಕಾಯಿ ಇಟ್ಟ.
"ಎದಿ ಸುಮ್ಮನಿರಲಿ. ಇದು ಏಳಬೇಕು, ಇದು ಇಳೀಬೇಕು.
ತಗೊಳ್ಳೂದು ನಾಕು ಎಣಿಕಿ, ಬಿಡೂದು ಎಂಟು.
ಮಲಗಿದ ಕೂಸಿನ ಬಾಜೂದಿಂದ ಎದ್ದು ಹೋದಂಗ ಬಿಡವ್ವಾ,
ಟೈರು ಒಡದಂಗ ಬ್ಯಾಡ."

ಕಾರವಾರದಲ್ಲಿ ದೋಣಿಗಳ ತಳಕ್ಕಂಟಿದ ಚಿಪ್ಪು ಕೆರೆಯುತ್ತ
ಹನ್ನೊಂದು ವರ್ಷ ಒಂದೊಂದೇ ಉಸಿರಿನಲ್ಲಿ ದುಡಿದವನು.
ಈಗ ಸ್ಟೇಷನ್ ರೋಡಿನಲ್ಲಿ ಪಂಚರ್ ಅಂಗಡಿ.
ಟ್ಯೂಬು ನೀರಿಗದ್ದಿ ಗುಳ್ಳೆ ಹುಡುಕುತ್ತಾನೆ,
ಗಾಳಿಯ ಲೆಕ್ಕ ಮಾತ್ರ ಬಿಟ್ಟಿಲ್ಲ.

ಉಸಿರು ಹಿಡಿಯುವುದು ನನಗೇನು ಹೊಸದೇ?
ಇಪ್ಪತ್ತೆರಡು ವರ್ಷ, ಚೀಲ ಸುರುವಿದಾಗಲೆಲ್ಲ
ಸೆರಗು ಮೂಗಿಗೊತ್ತಿ,
ಕೆಂಪು ದೂಳು ನೆಲಕ್ಕಿಳಿಯುವ ತನಕ ಕಾದವಳು.
ಹಾಗಂತ ಹೇಳಿ ಹಿಡಿದು ತೋರಿಸಿದೆ.
ಅವನು ನಕ್ಕ: "ಫಕ್ಕೀರವ್ವಾ, ಭುಜ ನೋಡ್ಕೋ,
ಕಿವಿಗೆ ಹತ್ಯಾವ."

ತಿಪ್ಪೇಶಿಯದು ಬೇರೆ ಜಾಣತನ.
ಭಸಭಸ ಇಪ್ಪತ್ತು ಸಲ ಎಳೆದು ಬಿಟ್ಟು ಮೂಗು ಮುಚ್ಚಿದ.
ಮೀನಖಂಡಕ್ಕೆ ಬಿತ್ತೊಂದು ಪೆಟ್ಟು.
"ಹಂಗ ಎಳದ್ರ ಗಾಳಿ ಹೆಚ್ಚಾಗೂದಿಲ್ಲಲೇ,
ಒಳಗಿನ ಕಾವಲಿನಾಂವ ನಿದ್ದಿ ಹೋಗ್ತಾನ.
ಕಳ್ಳ ಬಂದದ್ದು ತಿಳಿಯೂದಿಲ್ಲ.
ನೀರಾಗ ದೀಪ ಆರೂದಕ್ಕ ಸಪ್ಪಳಿಲ್ಲ."

ತೂಕದ ಚೀಟಿಯ ಹಿಂಬದಿಗೆ ಬರೆದುಕೊಟ್ಟ ಲೆಕ್ಕ:
ಒಂದು ನಿಮಿಷ ಹಿಡಿ, ಎರಡು ನಿಮಿಷ ದಣಿವಾರು.
ಮತ್ತೊಂದು ಹಿಡಿ, ಈಗ ದಣಿವಾರಲು ಒಂದೂ ಮುಕ್ಕಾಲು.
ಹಿಡಿಯುವುದು ಅಷ್ಟೇ, ಬಿಡುವು ಕರಗುತ್ತ ಹೋಗುತ್ತದೆ,
ಸುಗ್ಗಿಯ ದಿನಗಳ ಹಾಗೆ.

ನಲವತ್ತಕ್ಕೆ ಉಗುಳು ನುಂಗಿದೆ.
ಐವತ್ತೈದಕ್ಕೆ ಪಕ್ಕೆಲುಬಿನ ಕೆಳಗೆ ಏನೋ ಎಗರಿತು,
ಬಿಕ್ಕಳಿಕೆಯೂ ಅಲ್ಲ, ಬಸಿರಿನ ಒದೆತವೂ ಅಲ್ಲ,
ಮೆಣಸಿನಕಾಯಿ ಜಾರಿ ಬಿತ್ತು.
"ಬಾಗಲಾ ಬಡಿಯವ್ರು ಬಡೀಲಿ.
ಯಾರಂತ ಕೇಳು. ಚಿಲಕ ತಗೀಬ್ಯಾಡ."
ಕೇಳಿದೆ. ಬಂದವರು ಯಾರೂ ಹೊಸಬರಲ್ಲ:
ಕಟ್ಟಬೇಕಾದ ಸಂಘದ ಕಂತು, ಉಕ್ಕುತ್ತಿರುವ ಹಾಲು,
ಇನ್ನೊಂದು ಚೀಲ ಐತಿ ಅನ್ನುವ ಮುಕಾದಮನ ದನಿ.

ಮೂರನೆಯ ತಿಂಗಳು, ಮೋಟೆಬೆನ್ನೂರಿನ ದಾರಿಯ ಬಾವಿ.
ಮೋಟರು ಬಂದ್ ಮಾಡಿಸಿ,
ಮೆಟ್ಟಿಲ ಮೇಲಿನ ಪಾಚಿ ಕೆರೆಸಿ,
ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟ.
"ಒಬ್ರು ಇಳದ್ರ ಒಬ್ರು ನೋಡಬೇಕು.
ಒಬ್ಬಾಕಿನೇ? ಬಕೀಟಿನಾಗೂ ಬ್ಯಾಡ."

ಮಗನ ಟ್ರ್ಯಾಕ್ ಪ್ಯಾಂಟು ತೊಟ್ಟು ಇಳಿದೆ.
ಮೂಗು ಹಿಡಿದು ಊದಿದರೆ ಕಿವಿಯಲ್ಲಿ ಪಟ್ ಎಂದಿತು.
ಒಂದು ಗೇಣು, ಮತ್ತೊಂದು ಗೇಣು,
ಹಸಿರು ಹೋಗಿ ಕಂದು ಬಂತು.
ಕಲ್ಲಿಗೆ ಕೈ ತಾಗಿದಾಗ
ಬೆರಳ ಉರಿ ಇರಲಿಲ್ಲ.
ಹುಟ್ಟಿದಾಗಿನಿಂದ ಮೊದಲ ಸಲ
ನನ್ನೂರಿಗೆ ವಾಸನೆ ಇರಲಿಲ್ಲ.
ಇನ್ನಷ್ಟು ಇರೋಣ ಅನ್ನಿಸಿತು.
ಹಾಗೆ ಅನ್ನಿಸಿದ ಕೂಡಲೇ ಮೇಲೆ ಬಾ ಅಂದಿದ್ದ,
ಬಂದೆ.

"ಹಗ್ಗ ಬಿಡಬ್ಯಾಡ. ಎಳಕೋ. ಇನ್ನೊಂದು. ಇನ್ನೊಂದು.
ಹೇಳು, ಇವತ್ತ ಡಬ್ಬಿ ದರ ಎಷ್ಟು?"
"ಹದಿನಾರು ಸಾವಿರ."
ಮೆಟ್ಟಿಲ ಮೇಲಿಂದ ಶಾಹೀನ ಕಿಸಕ್ಕಂದಳು:
"ಚಿಗವ್ವಾ, ಅದು ಕಡ್ಡೀದು!"
"ದರ ತಪ್ಪಲಿ, ದೀಪ ಐತಿ" ಅಂದ ಇಮಾಮಸಾಬ,
ನನ್ನ ತುಟಿಯ ಬಣ್ಣ ನೋಡುತ್ತಲೇ ಇದ್ದ.

ಮುಂದಿನ ಪಾಳಿ ತಿಪ್ಪೇಶಿಯದು, ನೋಡುವುದು ನನ್ನದು.
ಅವನ ಅಂಗಾಲು ಮುಳುಗಿ ಬೆಳ್ಳಗೆ ಎರಡು ಮೀನಾಯಿತು,
ಆಮೇಲೆ ಅದೂ ಇಲ್ಲ.
ಹಗ್ಗ ನಡುಗುವುದನ್ನೇ ನೋಡುತ್ತ
ಹತ್ತು, ಇಪ್ಪತ್ತು, ಇಪ್ಪತ್ತೊಂದು ಎಣಿಸುತ್ತಿದ್ದೆ.
ಬೆನ್ನ ಮೇಲೊಂದು ಒದ್ದೆ ಕೈ ಬಿತ್ತು:
"ಯವ್ವಾ, ಅಂವ ಹಿಡದಾನ.
ನೀ ಆಡು ಉಸಿರು."