ಸಪ್ಪಳ ನಿಂತಲ್ಲಿ

ಖಾನಾಪುರ ಕಚೇರಿಯ ನಕಾಶೆಯಲ್ಲಿ ಎಲ್ಲಾ ಹಸಿರೇ.
ಹತ್ತಿರ ಹೋದರೆ ಅಕೇಶಿಯಾ.
ಇನ್ನೂ ಹತ್ತಿರ ಹೋದರೆ
ಶಾಲೆಯ ಪ್ರಾರ್ಥನೆಗೆ ಸಾಲು ಹಿಡಿದಂತೆ
ಇಲಾಖೆಯ ತೇಗ.

ಮೂರು ದಿನ.
ಧಾಕಲು ಗವಳಿ ನಕಾಶೆ ಬಿಡಿಸಗೊಡಲಿಲ್ಲ,
ತಪ್ಪಿಸಿಕೊಂಡ ಎಮ್ಮೆ ಹುಡುಕುವವನ ಹಾಗೆ
ನೆಲ ನೋಡುತ್ತ ನಡೆದ.
"ಹಳೇ ಅಡವ್ಯಾಗ ಹಿಮ್ಮಡ ಸಪ್ಪಳ ಮಾಡಂಗಿಲ್ರೀ ಅಕ್ಕಾರ."

ಜಾಂಬೋಟಿ ಹಿಂದಾಯಿತು.
ಒಂದೇ ಹಳ್ಳವನ್ನು ಎರಡು ಸಲ ದಾಟಿದೆವೋ,
ಎರಡು ಹಳ್ಳವೋ.
ಆಮೇಲೆ ಒಂದೆಡೆ
ನನ್ನ ಬೂಟು ಮೂಕಾಯಿತು.

ಕತ್ತೆತ್ತಿದೆ. ಮೊದಲ ಕೊಂಬೆ ಎಲ್ಲಿ ಶುರುವೋ
ಕಾಣಲಿಲ್ಲ.
ಕೈಯಲ್ಲಿದ್ದ ಜಿಪಿಎಸ್
ಉಪಗ್ರಹ ಹುಡುಕುತ್ತಲೇ ಇತ್ತು.
ಧಾಕಲು ಬೀಡಿ ತೆಗೆದವನು
ಮತ್ತೆ ಕಿಸೆಗೆ ಇಟ್ಟ.

"ಎಲ್ಲೀತನಕ ಐತಿ ಇದು?"

ಹದಿನೈದು ಹೆಜ್ಜೆ ಆಚೆ
ನೆಲಕ್ಕೆ ಬಿಸಿಲು ಬಿದ್ದಿತ್ತು.
ಗದ್ದ ಎತ್ತಿ ತೋರಿಸಿದ:
"ಅಲ್ಲೀಮಟಾ."