ಸೋರಿಕೆ

ಯಂತ್ರದ ಹೊಟ್ಟೆಯಲ್ಲಿ ಉಗುರಿನಷ್ಟು ಒಂದು ಕಾರ್ಡು.
ತಿಂಗಳಿಗೊಮ್ಮೆ ಜುವೇರಿಯಾ ಬರುತ್ತಾಳೆ,
ಬಂದರಿನಿಂದ ಫೆರ್ರಿ ಹತ್ತಿ ಬೆಂಗ್ರೆಗಿಳಿದು,
ಹೊಯಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು.
ಕಾರ್ಡು ಹೆಕ್ಕಿ ಲ್ಯಾಪ್‌ಟಾಪಿಗೆ ತೂರಿಸಿ
ನನ್ನ ರಾತ್ರಿಗಳನ್ನು ಓದುತ್ತಾಳೆ.

ನಾನು ದಿಂಬಿಗೊರಗಿ ನೋಡುತ್ತೇನೆ.
ಹಸಿರು ಗೆರೆಯಾಗಿ ಏಳುತ್ತದೆ, ಇಳಿಯುತ್ತದೆ ನನ್ನ ಉಸಿರು,
ಅಳಿವೆಯ ಒಳಗಿನ ನೀರಿನ ಹಾಗೆ;
ದೊಡ್ಡ ಅಲೆ ಇಲ್ಲ.

"ಒಳ್ಳೆದುಂಟು ಅಕ್ಕ," ಎನ್ನುತ್ತಾಳೆ.
ಮತ್ತೆ ಹುಬ್ಬು ಗಂಟಿಕ್ಕಿ,
"ಹನ್ನೊಂದೂವರೆಯಿಂದ ಹನ್ನೆರಡು. ದಿನಾ ಸೋರಿಕೆ.
ಆ ಹೊತ್ತಿಗೆ ಎಂತ ಆಗ್ತದೆ?
ಪಟ್ಟಿ ಸಡಿಲ ಉಂಟಾ?"

ನಾನು ಮಾಡಿನ ಹಂಚು ಎಣಿಸಿದೆ.

ಎಣಿಸುವುದು ನನಗೆ ಹೊಸತಲ್ಲ.
ಎರಡೂವರೆ ವರ್ಷಕ್ಕೆ ಬಂದ ಜ್ವರ ಕಾಲು ಕೊಂಡುಹೋಯಿತು,
ಬೆನ್ನು ಆಮೇಲೆ, ಅವಸರವಿಲ್ಲದೆ, ಬಾಗಿತು.
ಮೂವತ್ತೊಂದು ವರ್ಷ ತಡ್ಪೆ ತೊಡೆಗಿಟ್ಟು
ಕೂತಲ್ಲೇ ಬೀಡಿ ಕಟ್ಟಿದೆ. ದಿನಕ್ಕೆ ಎಂಟುನೂರು.
ಆಗ ಉಸಿರಿಗೆ ಲೆಕ್ಕ ಇರಲಿಲ್ಲ, ಕಟ್ಟಿಗೆ ಇತ್ತು:
ಇಪ್ಪತ್ತೈದಕ್ಕೊಂದು ಕಟ್ಟು, ನೂಲು ಸಡಿಲಾದರೆ ವಾಪಸು.
ಈಗ ಇದು ನನ್ನನ್ನು ಕಟ್ಟುತ್ತದೆ,
ನಿಮಿಷಕ್ಕೆ ಹದಿನಾಲ್ಕು.

ಡಾಕ್ಟರು ಚೀಟಿಯ ಬೆನ್ನಿಗೆ ಎದೆಗೂಡು ಬರೆದು ತೋರಿಸಿದ್ದರು:
ಎಡಗಡೆ ಬಾಡಿಗೆಗೆ ಕೊಡುವಷ್ಟೂ ಜಾಗವಿಲ್ಲ.

ಮೊದಲ ವಾರ ಮುಖಕ್ಕೆ ಗಾಳಿ ಹೊಡೆದಾಗ
ಮುಳುಗಿದವಳ ಹಾಗೆ ಕೈ ಬಡಿದೆ.
"ಜಗಳ ಬೇಡ ಅಕ್ಕ. ಅದು ಕೊಟ್ಟಾಗ ತಕ್ಕೊಳ್ಳಿ," ಎಂದಿದ್ದಳು.
ಯಾರು ಕೊಟ್ಟದ್ದನ್ನೂ
ಸುಲಭಕ್ಕೆ ತಕ್ಕೊಂಡವಳಲ್ಲ ನಾನು.

ಲೈನ್‌ಮ್ಯಾನ್ ದೂಮಪ್ಪಣ್ಣ ಮಾತ್ರ ಕೇಳದೆಯೇ ಕೊಡುತ್ತಾನೆ.
ಫ್ಯೂಸಿಗೆ ಕೈ ಹಾಕುವ ಮೊದಲು ಫೋನು:
"ಅರ್ಧ ಗಂಟೆ ಮಾರಾಯ್ತಿ, ಬ್ಯಾಟರಿಗೆ ಹಾಕಿಕೊ."
ಬ್ಯಾಟರಿ ಮಾವನ ದೋಣಿಯದ್ದು. ದೋಣಿ ಮಾರಿ ಹೋಗಿದೆ,
ಉಪ್ಪು ಹಿಡಿದ ಈ ಪೆಟ್ಟಿಗೆ ಮಂಚದಡಿ ಉಳಿದಿದೆ.
ಮಳೆಗಾಲದಲ್ಲಿ ಅವನ ಅರ್ಧ ಗಂಟೆ ಎಂದರೆ ಅರ್ಧ ದಿನ.
ಆಗ ಒಂದು ಬದಿ ಸಮುದ್ರ, ಒಂದು ಬದಿ ಹೊಳೆ,
ನಡುವೆ ನಾನು
ಕೆಂಪು ದೀಪ ಮಿಣುಕುವುದನ್ನೇ ನೋಡುತ್ತಾ.

ಜುವೇರಿಯಾ ಇನ್ನೂ ಕಾಯುತ್ತಿದ್ದಾಳೆ.
ಇವಳಿಗೆ ಶಮಿತಾಳ ವಿಷಯ ಹೇಗೆ ಹೇಳುವುದು?

ತಂಗಿಯ ಮಗಳು. ಹಂಪನಕಟ್ಟೆಯಲ್ಲಿ ಐಸ್‌ಕ್ರೀಮ್ ಪಾರ್ಲರು,
ಕೊನೆಯ ಗ್ಲಾಸು ತೊಳೆದು, ಕೂಳೂರಿನ ಸಂಕ ಸುತ್ತಿ,
ಮನೆ ಮುಟ್ಟುವಾಗ ಹನ್ನೊಂದೂವರೆ.
ಕೈಯಲ್ಲಿ ವೆನಿಲ್ಲಾ ವಾಸನೆ ಇರುತ್ತದಂತೆ,
ಮಾಸ್ಕಿನೊಳಗೆ ನನಗೆ ಬರೀ ರಬ್ಬರು.
ಮಂಚದ ತುದಿಗೆ ಕೂತು ಶುರು ಮಾಡುತ್ತಾಳೆ.

ಹುಡುಗಿ ನೋಡಲು ಬಂದವನೊಬ್ಬ
ಮೂರು ಗಡ್‌ಬಡ್ ಮುಗಿಸಿ, ಬಿಲ್ಲು ಕೊಟ್ಟು, ಹೊರಗೆ ಹೋಗಿ,
ತಿರುಗಿ ಬಂದು ಕೌಂಟರಿನಲ್ಲಿ ಮೆಲ್ಲಗೆ ಕೇಳಿದನಂತೆ,
ನನ್ನ ಎದುರು ಕೂತಿದ್ದವಳ ಹೆಸರೆಂತ?

ಮಾಸ್ಕಿನೊಳಗೆ ಮಾತು ಆಗುವುದಿಲ್ಲ,
ಗಾಳಿ ಅದರ ಹೆಗಲ ಮೇಲೆ ಹತ್ತಿ ಕೂರುತ್ತದೆ.
ಆದರೆ ನಗು ಬಂದರೆ ಕೆನ್ನೆ ಏಳಲೇಬೇಕಲ್ಲ.
ಕೆನ್ನೆ ಎದ್ದರೆ ಮೂಗಿನ ಬದಿಯಿಂದ ಪುಸ್ಸೆಂದು ಗಾಳಿ,
ಹಬೆಗೆ ಇಡ್ಲಿ ಪಾತ್ರೆಯ ಮುಚ್ಚಳ ಎದ್ದ ಹಾಗೆ.
ಆ ಸದ್ದಿಗೆ ಅವಳು ನಗುತ್ತಾಳೆ,
ಅವಳು ನಕ್ಕದ್ದಕ್ಕೆ ನಾನು,
ಯಂತ್ರ ಗಾಬರಿಯಾಗಿ ಇನ್ನಷ್ಟು ಊದುತ್ತದೆ.

"ಎಂತ ಇಲ್ಲ," ಎಂದೆ. "ಮಗ್ಗುಲು ಬದಲಿಸುವಾಗ ಇರಬೇಕು."
ಮಗ್ಗುಲು ಬದಲಿಸಲು ನನಗೆ ಇನ್ನೊಬ್ಬರು ಬೇಕೆಂದು
ಅವಳಿಗೆ ಗೊತ್ತು.
ಒಂದು ಗಳಿಗೆ ನನ್ನ ಮುಖ ನೋಡಿ,
ಏನೂ ಅನ್ನದೆ, ಪಟ್ಟಿ ಒಂದು ಗೆರೆ ಬಿಗಿದಳು.
ಚಹಾ ಕುಡಿದು ನಾಲ್ಕರ ಫೆರ್ರಿಗೆ ಹೋದಳು.

ಈಗ ಅಂಗಳದಲ್ಲಿ ಸ್ಕೂಟರು ನಿಂತ ಸದ್ದು.
ಬಾಗಿಲ ಚಿಲಕ.
ನನ್ನ ಕೈ ಇಷ್ಟು ದೂರ ಬರುತ್ತದೆ, ನಿಧಾನಕ್ಕೆ.
ಬೆರಳು ತೂರಿಸಿ ಆ ಒಂದು ಗೆರೆ ಸಡಿಲಿಸುತ್ತೇನೆ.
ನೂಲು ಕಟ್ಟಿದ ಬೆರಳು, ಇನ್ನೂ ಮರೆತಿಲ್ಲ.

"ದೊಡ್ಡಮ್ಮ, ಎಚ್ಚರ ಉಂಟಾ?
ಕೇಳು, ಇವತ್ತೊಬ್ಬ..."